ಭಾವನವರ ಹಗುರ ಕಾಲು

ಭಾವನವರ ನಗು ಕೇಳಬೇಕಾದರೆ ಹೊಸಕೆರೆಹಳ್ಳಿ ಕೆರೆಯ ತನಕ ಹೋಗಬೇಕು. ಮನೆಯಲ್ಲಿ ಅವರು ನಗುವುದಿಲ್ಲ. ಕೆರೆಯ ಪಕ್ಕದ ಪಾರ್ಕಿನಲ್ಲಿ ಬೆಳಿಗ್ಗೆ ಸೇರುವ ನಗೆಕೂಟದಲ್ಲಿ ಮಾತ್ರ ತಮ್ಮ ವಯಸ್ಸಿನ ಗಂಡಸರ ಜೊತೆ ಎರಡೂ ಕೈ ಮೇಲೆತ್ತಿ ಹಹ್ಹಹ್ಹಾ ಅನ್ನುತ್ತಾರೆ. ಅವರು ನನ್ನ ಗಂಡನ ಅಣ್ಣ. ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ಬನಶಂಕರಿಯ ನಮ್ಮ ಮನೆಯಲ್ಲಿ ಮೇಲಿನ ಮಹಡಿ ಅವರದು, ಕೆಳಗಿನದು ನನ್ನದು. ಅವರನ್ನು ನಗೆಕೂಟಕ್ಕೆ ತಲುಪಿಸುವ ಕಾರು ಕೂಡ ನನ್ನದೇ. ಆದರೂ ಅಲ್ಲಿಯ ತನಕ ಅದನ್ನು ಓಡಿಸುತ್ತಿದ್ದವರು ಅವರು. ಪಕ್ಕದ ಸೀಟಿನಲ್ಲಿ ಹ್ಯಾಂಡ್‌ಬ್ಯಾಗ್ ಇಟ್ಟುಕೊಂಡು ಕೂರುತ್ತಿದ್ದವಳು ನಾನು.

ಆ ಎಲೆಕ್ಟ್ರಿಕ್ ಕಾರು ನನ್ನ ಗಂಡ ಕೊನೆಯದಾಗಿ ಕೊಂಡ ವಸ್ತು. ಕೊಂಡ ವರ್ಷವೇ ಹೋಗಿಬಿಟ್ಟರು. ಇದ್ದ ಸ್ವಲ್ಪ ದಿನದಲ್ಲೇ ನನಗೆ ಓಡಿಸಲು ಕಲಿಸಿದ್ದರು. ಐವತ್ತು ದಾಟಿದ ಮೇಲೆ ಸ್ಟಿಯರಿಂಗ್ ಹಿಡಿದವಳು ನಾನು, ಮೊದಮೊದಲು ಹಾಲಿನ ವ್ಯಾನು ಕಂಡರೂ ಕಣ್ಣು ಮುಚ್ಚುತ್ತಿದ್ದೆ. ಅವರು ಒಂದು ದಿನವೂ ಗದರಲಿಲ್ಲ. "ಬ್ರೇಕಿನ ಆಸೆ ಬಿಡು. ಆಕ್ಸಿಲರೇಟರ್ ಮೇಲಿಂದ ಕಾಲು ಮೆತ್ತಗೆ ಎತ್ತು, ಸಾಕು. ಗಾಡಿ ತಾನೇ ನಿಧಾನ ಆಗತ್ತೆ, ಆ ಓಟಾನೆಲ್ಲ ಮತ್ತೆ ಕರೆಂಟ್ ಮಾಡಿ ಬ್ಯಾಟರಿಗೆ ಹಾಕ್ಕೊಳ್ಳತ್ತೆ" ಅನ್ನುತ್ತಿದ್ದರು. ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ತೆವಳುವ ನಮ್ಮೂರಿನ ಟ್ರಾಫಿಕ್ಕಿನಲ್ಲಿ ಪೆಟ್ರೋಲ್ ಗಾಡಿಗಳು ಅಳುತ್ತವೆ, ಇದಕ್ಕೆ ಏನೂ ಆಗುವುದಿಲ್ಲ, ಟೋಲ್ ರೋಡಿನಲ್ಲಿ ನೂರರ ವೇಗದಲ್ಲಿ ಹೋದರೆ ಮಾತ್ರ ಚಾರ್ಜು ಸೋರಿಹೋಗುತ್ತದೆ ಅಂತ ಖುಷಿಯಿಂದ ತೋರಿಸಿದ್ದರು. ಒಂದು ಕಿಲೋಮೀಟರಿಗೆ ಎಷ್ಟು ಕರೆಂಟು ತಿಂದಿದೆ ಅಂತ ಎದುರಿನ ಪರದೆಯಲ್ಲಿ ಒಂದು ಸಂಖ್ಯೆ ಬರುತ್ತದೆ. ಕಡಿಮೆ ಇದ್ದಷ್ಟೂ ಒಳ್ಳೆಯದು. ಗಾಡಿ ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಹೊಸದಾಗಿ ಶುರು. ನನ್ನ ಗಂಡ ಆ ಸಂಖ್ಯೆ ನೋಡಿ ಮಕ್ಕಳ ಮಾರ್ಕ್ಸ್ ಕಾರ್ಡ್ ನೋಡಿದ ಹಾಗೆ ಸಂತೋಷಪಡುತ್ತಿದ್ದರು.

ಅವರು ಮಾಡಿದ ಒಂದೇ ತಪ್ಪು ಎಂದರೆ ಗಾಡಿಯ ಆ್ಯಪನ್ನು ಅಣ್ಣನ ಫೋನಿಗೂ ಹಾಕಿಕೊಟ್ಟದ್ದು. ಅಣ್ಣ ಎಂಜಿನಿಯರ್ ಅಲ್ಲವೇ, ನೋಡಿ ಮೆಚ್ಚಲಿ ಅಂತ. ಅವರು ಹೋದ ಮೇಲೆ ಆ ಆ್ಯಪು ನನ್ನ ಬೆನ್ನ ಹಿಂದಿನ ಕಣ್ಣಾಯಿತು. ನಾನು ಎಲ್ಲಿಗೆ ಹೋಗಿ ಬಂದರೂ ಎಷ್ಟು ಕರೆಂಟು ತಿಂದೆ ಅನ್ನುವುದು ಮೇಲಿನ ಮಹಡಿಗೆ ಮೊದಲು ಗೊತ್ತಾಗುತ್ತಿತ್ತು.

ದಿನಚರಿ ಹೀಗಿತ್ತು. ಬೆಳಿಗ್ಗೆ ಭಾವ ಕೆರೆಯ ತನಕ ಓಡಿಸುತ್ತಿದ್ದರು. ಅಲ್ಲಿ ಗಾಡಿ ಬೀದಿಯಲ್ಲಿ ನಿಲ್ಲಬಾರದು, ಯಾರಾದರೂ ಗೀಚಿಬಿಡುತ್ತಾರೆ ಅನ್ನುವುದು ಅವರ ಕಟ್ಟಪ್ಪಣೆ. ಅದಕ್ಕೇ ನಾನು ಜೊತೆಗೆ ಹೋಗಿ ಗಾಡಿಯನ್ನು ಮನೆಗೆ ವಾಪಸ್ ತರುತ್ತಿದ್ದೆ. ಅವರು ನಕ್ಕು, ತಿಂಡಿ ತಿಂದು, ಯಾರದೋ ಸ್ಕೂಟರಿನ ಹಿಂದೆ ಕೂತು ಬರುತ್ತಿದ್ದರು. ಸಂಜೆ ಕಾಫಿಗೆ ಮೇಲೆ ಹೋದರೆ ಫೋನು ಹಿಡಿದು ಕನ್ನಡಕ ಮೂಗಿನ ತುದಿಗೆ ಇಳಿಸುತ್ತಿದ್ದರು.

"ನಾನು ಓಡ್ಸಿದ್ದು ಎಪ್ಪತ್ತು. ನೀನು ನೂರ ಎಂಬತ್ತು. ಅದೇ ಗಾಡಿ, ಅದೇ ರೋಡು. ಏನಮ್ಮ, ಕಾರ್ ಓಡಿಸ್ತೀಯೋ, ರುಬ್ಬೋ ಕಲ್ಲು ತಿರುಗಿಸ್ತೀಯೋ?"

ಅಕ್ಕ, ಅಂದರೆ ಭಾವನವರ ಹೆಂಡತಿ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಸಂಖ್ಯೆ ಸುಳ್ಳು ಹೇಳುವುದಿಲ್ಲವಲ್ಲ. ನಾನು ಇನ್ನೂ ಮೆತ್ತಗೆ ಓಡಿಸಿದೆ. ಎಸಿ ಹಾಕದೆ ಓಡಿಸಿದೆ. ಚಪ್ಪಲಿ ಬಿಚ್ಚಿ ಬರಿಗಾಲಲ್ಲಿ ಓಡಿಸಿದೆ. ಹಿಂದಿನ ಆಟೋದವನು "ಆಂಟಿ, ತಳ್ಬೇಕಾ?" ಅಂತ ಕೂಗುವಷ್ಟು ನಿಧಾನಕ್ಕೆ ಓಡಿಸಿದೆ. ಆ ಹಾಳು ಸಂಖ್ಯೆ ನೂರ ಎಪ್ಪತ್ತರ ಕೆಳಗೆ ಇಳಿಯಲಿಲ್ಲ. ನನ್ನ ಕಾಲಿನಲ್ಲೇ ಏನೋ ದೋಷ ಇದೆ ಅಂತ ನಾನೂ ನಂಬಿದೆ.

ಯುಗಾದಿಯ ದಿನ ಊಟಕ್ಕೆ ಎಲ್ಲರೂ ಸೇರಿದ್ದರು. ಬಿಟಿಎಂ ಲೇಔಟಿನಲ್ಲಿರುವ ಭಾವನವರ ಮಗಳೂ ಬಂದಿದ್ದಳು. ಒಬ್ಬಟ್ಟಿಗೆ ತುಪ್ಪ ಬಡಿಸುತ್ತಿದ್ದಾಗ ಭಾವ ಗಂಟಲು ಸರಿಮಾಡಿಕೊಂಡು ತೀರ್ಪು ಕೊಟ್ಟರು. ಗಾಡಿ ನನ್ನ ಕೈಯಲ್ಲಿ ದಂಡವಾಗುತ್ತಿದೆಯಂತೆ. ಮಗಳಿಗೆ ಆಫೀಸಿಗೆ ಬೇಕಂತೆ. ಆಯುಧಪೂಜೆಗೆ ಪೂಜೆ ಮಾಡಿ ಅವಳಿಗೆ ಕೊಟ್ಟುಬಿಡುವುದಂತೆ. ನನಗೆ ಆಟೋ ಇದೆಯಲ್ಲ.

"ನಿನ್ನ ಕಾಲು ಭಾರ ಕಣಮ್ಮ, ತಪ್ಪು ತಿಳ್ಕೋಬೇಡ. ಕೆಲವರ ಕಾಲೇ ಭಾರ. ನಿನ್ನನ್ನಂದು ಏನ್ ಪ್ರಯೋಜನ? ಕಲಿಸಿದವನಿಗೇ ಓಡಿಸಕ್ಕೆ ಬರ್ತಿರ್ಲಿಲ್ಲ."

ಕಲಿಸಿದವರ ವರ್ಷಾಬ್ದಿಕ ಮುಗಿದು ಇನ್ನೂ ತಿಂಗಳೂ ಆಗಿರಲಿಲ್ಲ. ಗೋಡೆಯ ಮೇಲಿನ ಅವರ ಫೋಟೋಗೆ ನಾನೇ ಬೆಳಿಗ್ಗೆ ಮಲ್ಲಿಗೆ ಹಾಕಿದ್ದೆ. ಅದರ ಕೆಳಗೇ ಕೂತು, ಬಾಳೆಯೆಲೆಯ ಮುಂದೆ, ಬಾಯಲ್ಲಿ ಒಬ್ಬಟ್ಟು ಇಟ್ಟುಕೊಂಡು ಆ ಮಾತು ಆಡಿದರು. ಅಕ್ಕ "ಇನ್ನೊಂಚೂರು ತುಪ್ಪ" ಅಂದರು. ನಾನು ಬಡಿಸಿದೆ. ಆವತ್ತೇ ಗಾಡಿಯ ಎರಡೂ ಕೀಗಳು ಮೇಲಿನ ಮನೆಯ ಮೊಳೆಗೆ ಹೋದವು. ಬೆಳಿಗ್ಗೆ ಅವರು ಕೀ ತರುವುದು, ನಾನು ವಾಪಸ್ ಬಂದ ಮೇಲೆ ಮೆಟ್ಟಿಲು ಹತ್ತಿ ಅದೇ ಮೊಳೆಗೆ ನೇತುಹಾಕುವುದು.

ಕಾರು ನನ್ನ ಹೆಸರಿಗೆ ಆಗಿತ್ತು, ಕೊಡುವುದಿಲ್ಲ ಅಂದಿದ್ದರೆ ಮುಗಿಯುತ್ತಿತ್ತಲ್ಲ ಅಂತ ಯಾರಾದರೂ ಕೇಳಬಹುದು. ಹೌದು, ಕಾರು ಉಳಿಯುತ್ತಿತ್ತು. ಆದರೆ ಅದರ ಜೊತೆಗೆ ಆ ಮಾತೂ ಉಳಿಯುತ್ತಿತ್ತು. ಓಡಿಸಲು ಬಾರದಿದ್ದರೂ ಹಟಕ್ಕೆ ಇಟ್ಟುಕೊಂಡಿದ್ದಾಳೆ, ಅವಳ ಗಂಡನಿಗೂ ಬರುತ್ತಿರಲಿಲ್ಲ ಅಂತ ಪ್ರತಿ ಹಬ್ಬಕ್ಕೂ ಒಬ್ಬಟ್ಟಿನ ಜೊತೆ ನಂಚಿಕೊಳ್ಳುತ್ತಿದ್ದರು. ನನಗೆ ಬರೀ ಕಾರು ಬೇಕಾಗಿರಲಿಲ್ಲ. ಭಾವನವರ ಮುಖ ಇಂಗು ತಿಂದ ಮಂಗನ ಹಾಗೆ ಆಗುವುದನ್ನು ಅದೇ ಜನರ ಮುಂದೆ ನೋಡಬೇಕಾಗಿತ್ತು.

ದಾರಿ ತೋರಿಸಿದ್ದು ನನ್ನ ಚಪ್ಪಲಿ. ಮೇ ತಿಂಗಳಲ್ಲಿ ಒಂದು ಸಂಜೆ ಜೋರು ಮಳೆ ಬಂತು. ಗೇಟಿನ ಮುಂದೆ ಬಿಟ್ಟಿದ್ದ ನನ್ನ ಹವಾಯಿ ಚಪ್ಪಲಿಗಳಲ್ಲಿ ಒಂದು ತೇಲಿತು. ನಾನು ಇನ್ನೊಂದನ್ನು ಮೆಟ್ಟಿ ಛತ್ರಿ ಹಿಡಿದು ಓಡುವಷ್ಟರಲ್ಲಿ ರಸ್ತೆಗೆ ಇಳಿದು, ತಿರುವು ದಾಟಿ, ದೊಡ್ಡ ರಸ್ತೆಗೆ ಸೇರಿ, ನಾವು ದಿನಾ ಹೋಗುವ ದಾರಿಯಲ್ಲೇ ಕೆಳಗೆ ಓಡಿತು. ನಾನು ಅಲ್ಲೇ ನಿಂತೆ. ಕೆಂಪು ನೀರು ಇಡೀ ರಸ್ತೆಯ ಅಗಲಕ್ಕೆ ಹೊಸಕೆರೆಹಳ್ಳಿಯ ಕಡೆಗೆ ಹರಿಯುತ್ತಿತ್ತು.

ಅಯ್ಯೋ ನನ್ನ ಬುದ್ಧಿಗಿಷ್ಟು! ಮೂವತ್ತು ವರ್ಷ ಜಯನಗರದ ಸ್ಕೂಲಿನಲ್ಲಿ ಭೂಗೋಳ ಪಾಠ ಮಾಡಿದವಳು ನಾನು. ಕೆರೆ ತಗ್ಗಿನಲ್ಲಿರುತ್ತದೆ ಮಕ್ಕಳೇ, ಅಂತ ಎಷ್ಟು ಸಲ ಬೋರ್ಡಿನ ಮೇಲೆ ಬರೆದಿಲ್ಲ! ನಮ್ಮ ಮನೆ ದಿಣ್ಣೆಯಲ್ಲಿದೆ, ಕೆರೆ ಕೆಳಗಿದೆ. ಸಿಗ್ನಲ್ಲು, ಬಸ್ಸು, ಹಂಪುಗಳ ನಡುವೆ ತೆವಳುವಾಗ ಆ ಇಳಿಜಾರು ಗೊತ್ತೇ ಆಗುವುದಿಲ್ಲ. ಭಾವ ದಿನಾ ಇಳಿಯುತ್ತಿದ್ದರು, ನಾನು ದಿನಾ ಹತ್ತುತ್ತಿದ್ದೆ. ಅವರ ಎಪ್ಪತ್ತನ್ನು ಅವರಿಗೆ ಕೊಟ್ಟದ್ದು ಬನಶಂಕರಿಯ ದಿಣ್ಣೆ. ಆ ಮಳೆಯಲ್ಲಿ ಒಂದು ಕಾಲಿಗೆ ಚಪ್ಪಲಿ, ಇನ್ನೊಂದು ಬರಿಗಾಲು, ನಾನು ಒಬ್ಬಳೇ ನಗುತ್ತಾ ನಿಂತಿದ್ದೆ. ಎದುರು ಮನೆಯವರು ಕಿಟಕಿಯಿಂದ "ಏನಾಯ್ತು ಮೇಡಂ?" ಅಂತ ಗಾಬರಿಯಾದರು.

ಖಾತ್ರಿ ಮಾಡಿಕೊಳ್ಳಬೇಕಿತ್ತು. ಒಂದು ದಿನ ಭಾವನಿಗೆ ನೆಗಡಿ, ನಗೆಕೂಟಕ್ಕೆ ರಜಾ. ಕೆರೆಯ ಹತ್ತಿರದ ಟೈಲರ್ ಅಂಗಡಿಯಲ್ಲಿ ಹೊಲಿಯಲು ಕೊಟ್ಟಿದ್ದ ಬ್ಲೌಸು ತರಬೇಕು ಅಂತ ಅಕ್ಕನ ಹತ್ತಿರ ಕೀ ಕೇಳಿ ತೆಗೆದುಕೊಂಡೆ. ಹೋಗುವಾಗ ನಾನೇ ಓಡಿಸಿದೆ, ನನ್ನ ಗಂಡ ಕಲಿಸಿದ ಹಾಗೆಯೇ. ಕೆರೆಯ ಹತ್ತಿರ ನಿಲ್ಲಿಸಿ ನೋಡಿದರೆ ಐವತ್ತೈದು! ಭಾವನವರ ಎಪ್ಪತ್ತಕ್ಕಿಂತಲೂ ಕಡಿಮೆ.

ಅದು ಯಾಕೆ ಅಂತಲೂ ಮನೆಗೆ ಬರುವಷ್ಟರಲ್ಲಿ ಹೊಳೆಯಿತು. ಭಾವ ಪೆಟ್ರೋಲ್ ಕಾಲದ ಮನುಷ್ಯ. ಸ್ವಲ್ಪ ಇಳಿಜಾರು ಸಿಕ್ಕರೆ ನ್ಯೂಟ್ರಲ್ಲಿಗೆ ಹಾಕಿ ಗಾಡಿಯನ್ನು ಜಾರಿಬಿಡುವುದು ಅವರಿಗೆ ಹಳೆಯ ಲ್ಯಾಂಬ್ರೆಟ್ಟಾ ಸ್ಕೂಟರಿನ ದಿನಗಳಿಂದ ಬಂದ ಚಟ. ಹಾಗೆ ಮೈಲೇಜು ಉಳಿಸುತ್ತೇನೆ ಅಂತ ಅವರ ಎಣಿಕೆ. ಈ ಗಾಡಿಯಲ್ಲಿ ನ್ಯೂಟ್ರಲ್ ಹಾಕಿದರೆ ಬ್ಯಾಟರಿಗೆ ವಾಪಸ್ ಬರಬೇಕಾದ ಕರೆಂಟೇ ಬರುವುದಿಲ್ಲ, ಎಲ್ಲಾ ಬ್ರೇಕಿನ ಬಿಸಿಯಾಗಿ ಹೋಗುತ್ತದೆ. ಅಂದರೆ ದಿಣ್ಣೆ ಪುಕ್ಕಟೆಯಾಗಿ ಕೊಟ್ಟದ್ದನ್ನೂ ಈ ಮಹಾನುಭಾವ ಅರ್ಧ ಚೆಲ್ಲುತ್ತಿದ್ದರು!

ಸಂಜೆ ಅಳುಕುತ್ತಲೇ ಮೇಲೆ ಹೋದೆ. ಆ್ಯಪಿನಲ್ಲಿ ಐವತ್ತೈದು ನೋಡಿದರೆ ಗುಟ್ಟು ರಟ್ಟಾಗುತ್ತದಲ್ಲ. ಭಾವ ಮೂಗು ಒರೆಸಿಕೊಂಡು ಫೋನು ನೋಡಿದರು.

"ಹೋಗ್ತಾ ಪರವಾಗಿಲ್ವೇ! ಒಬ್ಬಳೇ ಇದ್ದೆ, ಭಾರ ಇರ್ಲಿಲ್ಲ, ಅದಕ್ಕೆ. ನಾನು ಪಕ್ಕದಲ್ಲಿ ಕೂರಿಸ್ಕೊಂಡು ಕಲಿಸಿದ್ದೂ ಸ್ವಲ್ಪ ತಲೆಗೆ ಹೋಗಿದೆ. ಆದ್ರೆ ಬರ್ತಾ ನೋಡು, ನೂರ ಎಪ್ಪತ್ತೆಂಟು. ಮತ್ತೆ ಹಳೇ ಚಾಳಿ."

"ಹೌದು ಭಾವ" ಅಂದೆ.

ಆಗ ನನಗೆ ನಿಜವಾಗಿ ಸಮಾಧಾನವಾಯಿತು. ಕಣ್ಣಿಗೆ ರಾಚುವಂತಿದ್ದರೂ ಈ ಎಂಜಿನಿಯರಿಗೆ ಕಾಣುವುದಿಲ್ಲ ಅಂತ ಗೊತ್ತಾಯಿತು. ಅಲ್ಲಿಂದ ಆಯುಧಪೂಜೆಯ ತನಕ ಬಾಯಿಗೆ ಬೀಗ ಹಾಕಿಕೊಂಡೆ. ಬರೀ ಸುಮ್ಮನಿರಲಿಲ್ಲ, ಚೆನ್ನಾಗಿ ಬೆಣ್ಣೆ ಹಚ್ಚಿದೆ. "ಭಾವ, ಇಷ್ಟು ಕಡಿಮೆ ಹೇಗೆ ತರ್ತೀರಿ? ಫ್ಯಾಮಿಲಿ ಗ್ರೂಪಿಗೆ ಹಾಕಿ, ನಾಲ್ಕು ಜನ ಕಲೀಲಿ" ಅಂದೆ. ಹಾಕಿದರು. ದಿನಾ ಹಾಕಿದರು. ಮೈಸೂರಿನ ನೆಂಟರು ಕೈ ಮುಗಿಯುವ ಬೊಂಬೆ ಕಳಿಸಿದರು. ನಗೆಕೂಟದಲ್ಲಿ ಅವರಿಗೆ ಶಾಲು ಹೊದಿಸಿ ಬ್ಯಾಟರಿ ಗಾಡಿಯ ಬಗ್ಗೆ ಭಾಷಣವನ್ನೂ ಮಾಡಿಸಿದರು. ಅವರು ಎಷ್ಟು ಮೇಲೆ ಹತ್ತುತ್ತಾರೋ ನನಗೆ ಅಷ್ಟು ಖುಷಿ. ರಾತ್ರಿ ಗಂಡನ ಫೋಟೋದ ಮುಂದೆ ದೀಪ ಹಚ್ಚುವಾಗ "ಸ್ವಲ್ಪ ತಡ್ಕೊಳ್ಳಿ" ಅನ್ನುತ್ತಿದ್ದೆ.

ಆಯುಧಪೂಜೆ ಬಂತು. ಗಾಡಿ ತೊಳೆದು, ಸೇವಂತಿಗೆ ಹಾರ ಹಾಕಿ, ಬಾಳೆಕಂದು ಕಟ್ಟಿ, ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟೆವು. ಪೂಜೆಯಾದ ಮೇಲೆ ಗಾಡಿಯನ್ನು ಕೆರೆಯ ಹತ್ತಿರದ ಗುಡಿಗೆ ಒಯ್ದು ಮಂಗಳಾರತಿ ಮಾಡಿಸಿ ತರುವುದು, ಆಮೇಲೆ ಮಗಳಿಗೆ ಕೀ ಕೊಡುವುದು ಅಂತ ಭಾವನವರ ಏರ್ಪಾಡು. ನಾನು ಸೆರಗಿನ ತುದಿ ಕಣ್ಣಿಗೆ ಒತ್ತಿಕೊಂಡೆ. ಇಷ್ಟು ದಿನ ಒಳಗೆ ನಗು ತಡೆದೂ ತಡೆದೂ ಕಣ್ಣಿನಲ್ಲಿ ನೀರು ತಾನಾಗಿ ಬಂತು.

"ಭಾವ, ಕೊನೇ ಸಲ ಅಲ್ವಾ. ಹೋಗ್ತಾ ನಾನು ಓಡಿಸ್ತೀನಿ. ಬರ್ತಾ ನೀವೇ ತನ್ನಿ, ನಿಮ್ಮ ಕೈಯಿಂದಾನೇ ಮಗಳಿಗೆ ಸಿಗ್ಲಿ."

ಎಲ್ಲರ ಮನಸ್ಸೂ ಕರಗಿತು. ಅಕ್ಕ ನನ್ನ ಬೆನ್ನು ಸವರಿದರು. ಮಗಳು "ಪಾಪ ಚಿಕ್ಕಮ್ಮ" ಅಂದಳು. ನಾನು ಅವರಿಬ್ಬರನ್ನೂ ಒತ್ತಾಯ ಮಾಡಿ ಹಿಂದೆ ಕೂರಿಸಿದೆ. ಅಕ್ಕನದು ತುಂಬಿದ ಮೈ. ಡಿಕ್ಕಿಯಲ್ಲಿ ಎರಡು ಬೂದುಗುಂಬಳ, ತೆಂಗಿನಕಾಯಿ ಚೀಲ, ನೀರಿನ ಕ್ಯಾನು. ಹಿತ್ತಲಿನ ರುಬ್ಬೋ ಕಲ್ಲನ್ನೂ ಎತ್ತಿ ಹಾಕಿಸೋಣ ಅನ್ನಿಸಿತು, ಕೈಲಾಗಲಿಲ್ಲ. ಹಿಂದಿನ ದಿನ ಭಾವನನ್ನೇ ಕಳಿಸಿ ಟೈರುಗಳಿಗೆ ಗಾಳಿ ಹಾಕಿಸಿದ್ದೆ. ಹೊರಡುವಾಗ ಎಸಿ ಹಾಕಿದೆ. ನಾಳೆ ಅವರು ಹೇಳಬಹುದಾದ ನೆಪಗಳನ್ನೆಲ್ಲ ಒಂದೊಂದಾಗಿ ಮುಚ್ಚಿಟ್ಟಿದ್ದೆ.

ನಿಂಬೆಹಣ್ಣು ಪಚಕ್ಕನೆ ಅಪ್ಪಚ್ಚಿಯಾಯಿತು. ನಾನು ಕಾಲು ಮೆತ್ತಗೆ ಎತ್ತುತ್ತಾ, ಗಾಡಿಯನ್ನು ತನ್ನ ಪಾಡಿಗೆ ನಿಧಾನಿಸಲು ಬಿಡುತ್ತಾ ಇಳಿಸಿದೆ. ಭಾರ ಜಾಸ್ತಿ ಇದ್ದಷ್ಟೂ ಇಳಿಜಾರಿನಲ್ಲಿ ಬ್ಯಾಟರಿಗೆ ವಾಪಸ್ ಬರುವುದು ಜಾಸ್ತಿ. ಗುಡಿಯ ಮುಂದೆ ನಿಲ್ಲಿಸಿ "ಎಷ್ಟಿದೆ ನೋಡಮ್ಮ, ನನಗೆ ಕನ್ನಡಕ ಇಲ್ಲ" ಅಂದೆ. ಮಗಳು ಹಿಂದಿನಿಂದ ಬಗ್ಗಿ ಓದಿದಳು.

"ನಲವತ್ತೆಂಟು! ಚಿಕ್ಕಮ್ಮ, ಸಖತ್! ಅಪ್ಪ, ನಿಮ್ಮದು ಗ್ರೂಪಲ್ಲಿ ದಿನಾ ಎಪ್ಪತ್ತಲ್ವಾ?"

ಭಾವ ಗುಡಿಯ ಗೋಪುರ ನೋಡಿದರು. "ಹಬ್ಬದ ದಿನ, ಟ್ರಾಫಿಕ್ ಇಲ್ಲ" ಅಂದರು. ಟ್ರಾಫಿಕ್ಕು ಎಷ್ಟಿತ್ತು ಎಂದರೆ ಹಾರ ಹಾಕಿಕೊಂಡ ಟೆಂಪೋಗಳ ನಡುವೆ ಮಂಗಳಾರತಿ ತಟ್ಟೆಗೂ ಜಾಗ ಇರಲಿಲ್ಲ.

ವಾಪಸ್ ಬರುವಾಗ ಅವರು ಸ್ಟಿಯರಿಂಗ್ ಹಿಡಿದರು, ನಾನು ಪಕ್ಕದಲ್ಲಿ ಹ್ಯಾಂಡ್‌ಬ್ಯಾಗ್ ಹಿಡಿದೆ. ಗಾಡಿ ಹತ್ತತೊಡಗಿತು. ಸಂಖ್ಯೆಯೂ ಹತ್ತಿತು. ನೂರು, ನೂರ ಐವತ್ತು. ಅವರು ಪರದೆ ನೋಡಿದರು, ರಸ್ತೆ ನೋಡಿದರು, ಮತ್ತೆ ಪರದೆ ನೋಡಿದರು. ಎಸಿ ಆಫ್ ಮಾಡಿದರು. ಅಕ್ಕ ಹಿಂದಿನಿಂದ "ರೀ, ಸೆಕೆ" ಅಂದರು. ಒಂದು ಕಡೆ ಚೂರು ಸಮತಟ್ಟು ಸಿಕ್ಕಿದ್ದೇ ನ್ಯೂಟ್ರಲ್ ಹಾಕಿದರು, ಗಾಡಿ ನಿಂತೇಹೋಗುವ ಹಾಗಾಗಿ ಹಿಂದಿನವರೆಲ್ಲ ಹಾರನ್ ಬಾರಿಸಿದರು. "ಅಂಕಲ್, ನಡೀರಿ!" ಅಂತ ಒಬ್ಬ ಬೈಕಿನವನು ಕಿಟಕಿ ತಟ್ಟಿದ. ಭಾವ ಗಾಬರಿಯಲ್ಲಿ ಜೋರಾಗಿ ಒತ್ತಿದರು. ಅವರ ಕುತ್ತಿಗೆಯಿಂದ ಬೆವರು ಇಳಿದು ಹೊಸ ಷರ್ಟಿನ ಕಾಲರು ಒದ್ದೆಯಾಯಿತು. ಅಬ್ಬಾ, ಆ ಕಾಲರು ನೋಡಿ ನನಗೆ ಎಷ್ಟು ತಂಪಾಯಿತು ಅಂತ ಹೇಳಲಾರೆ. ಕಿಟಕಿಯ ಕಡೆ ಮುಖ ತಿರುಗಿಸಿ ಕೂತೆ.

ಗೇಟಿನಲ್ಲಿ ಮೈಸೂರಿನ ನೆಂಟರೂ ಎದುರು ಮನೆಯವರೂ ಆರತಿ ಹಿಡಿದು ಕಾಯುತ್ತಿದ್ದರು. ಮಗಳು ಯಾರೂ ಕೇಳದಿದ್ದರೂ ಓದಿದಳು.

"ಇನ್ನೂರ ಇಪ್ಪತ್ತು! ಅಪ್ಪ, ಏನಾಯ್ತು?"

"ಭಾರ ಇತ್ತು" ಅಂದರು.

"ಹೋಗ್ತಾನೂ ನಾವೆಲ್ಲ ಇದ್ವಲ್ಲಪ್ಪ. ನೀವು ಎಸಿ ಬೇರೆ ಆಫ್ ಮಾಡಿದ್ರಿ."

"ಗಾಳಿ ಕಡಿಮೆ ಇರ್ಬೇಕು."

"ನಿನ್ನೆ ತಾನೇ ನೀವೇ ಹಾಕಿಸ್ಕೊಂಡು ಬಂದ್ರಲ್ಲ" ಅಂದರು ಅಕ್ಕ. ಆ ಕ್ಷಣ ಅಕ್ಕನನ್ನು ತಬ್ಬಿಕೊಳ್ಳಬೇಕು ಅನ್ನಿಸಿತು.

ನಾನು ಗಾಡಿಯಿಂದ ಇಳಿದು, ಅವರ ಕಡೆಯ ಬಾಗಿಲು ತೆಗೆದು ಹಿಡಿದೆ. ಯುಗಾದಿಯಿಂದ ಜೋಪಾನವಾಗಿಟ್ಟ ಮಾತನ್ನು ಮರ್ಯಾದೆಯ ಬಹುವಚನ ಮಾತ್ರ ಸೇರಿಸಿ ಹೇಳಿದೆ. "ತಪ್ಪು ತಿಳ್ಕೋಬೇಡಿ ಭಾವ. ಕೆಲವರ ಕಾಲೇ ಭಾರ."

ಯಾರೋ ಕಿಸಕ್ಕನೆ ನಕ್ಕರು. ಭಾವ ಸ್ಟಿಯರಿಂಗ್ ಬಿಡಲಿಲ್ಲ. ಮಗಳು ಅವರ ತೋಳು ಹಿಡಿದು "ಪರವಾಗಿಲ್ಲಪ್ಪ, ವಯಸ್ಸಾಯ್ತಲ್ಲ. ಗಾಡಿ ಚಿಕ್ಕಮ್ಮನ ಹತ್ರಾನೇ ಇರ್ಲಿ, ಅವ್ರಷ್ಟು ಚೆನ್ನಾಗಿ ನಂಗೂ ಬರಲ್ಲ. ನೀವು ಇನ್ನು ಓಡಿಸ್ಬೇಡಿ" ಅಂದಳು. ಊಟಕ್ಕೆ ಮೊದಲೇ ಎರಡೂ ಕೀಗಳು ನನ್ನ ಕೈಗೆ ಬಂದವು. ನಾನು ಅವನ್ನು ಗಂಡನ ಫೋಟೋದ ಕೆಳಗಿನ ಮೊಳೆಗೆ ಹಾಕಿದೆ. ಆವತ್ತಿನ ಊಟದಷ್ಟು ರುಚಿ ಯಾವತ್ತೂ ಆಗಿರಲಿಲ್ಲ.

ಇಳಿಜಾರಿನ ವಿಷಯ ನಾನು ಯಾರಿಗೂ ಹೇಳಿಲ್ಲ. ಭಾವ ಆಮೇಲೆ ಗಾಡಿ ಮುಟ್ಟಲಿಲ್ಲ. ಗ್ರೂಪಿನಲ್ಲಿ ಬರೆಯುವುದು ನಿಂತಿತು. ಆ್ಯಪನ್ನೂ ತೆಗೆಸಿದರು. ನಗೆಕೂಟಕ್ಕೆ ಈಗ ನಾನೇ ಬಿಡುತ್ತೇನೆ. ಅವರು ಹಿಂದಿನ ಸೀಟಿನಲ್ಲಿ ಕೂರುತ್ತಾರೆ. ಅಲ್ಲೂ ನಗು ಕಡಿಮೆಯಾಗಿದೆ ಅಂತ ಕೇಳಿದೆ. ಮೊನ್ನೆ ಅಕ್ಕ ಕೊತ್ತಂಬರಿ ಸೊಪ್ಪು ಬಿಡಿಸುತ್ತಾ ಹೇಳಿದರು. "ದಿನಾ ಬಲಗಾಲಿಗೆ ಎಳ್ಳೆಣ್ಣೆ ಹಚ್ಕೊಂಡು ನೀವ್ತಾರೆ ಕಣೇ. ಕಾಲಲ್ಲಿ ಹಿಡಿತ ಹೋಯ್ತು, ಗೊತ್ತೇ ಆಗ್ದೆ ಒತ್ಬಿಡ್ತೀನಿ ಅಂತಾರೆ. ಡಾಕ್ಟ್ರು ಕಾಲಿಗೆ ಏನೂ ಆಗಿಲ್ಲ ಅಂದ್ರೂ ಕೇಳಲ್ಲ."

ಕನಿಕರ ಬರಲಿಲ್ಲವೇ? ಬಂತು. ಕೈಯಲ್ಲಿದ್ದ ಕಾಫಿ ಆರುವಷ್ಟು ಹೊತ್ತು ಇತ್ತು. ಆಮೇಲೆ ಯುಗಾದಿಯ ಎಲೆ ನೆನಪಾಯಿತು. ನನಗಂದದ್ದನ್ನು ನಾನು ತಿರುಗಿಸಿ ಕೊಟ್ಟಾಯಿತು, ಅದು ಚುಕ್ತಾ. ಸತ್ತವರಿಗೆ ಅಂದದ್ದು ಇನ್ನೂ ಹಾಗೇ ಇದೆ. ನನ್ನ ತಮ್ಮ ಚೆನ್ನಾಗಿ ಓಡಿಸುತ್ತಿದ್ದ ಅಂತ ಒಂದು ಮಾತು, ಒಂದೇ ಒಂದು ಮಾತು ಅವರ ಬಾಯಿಂದ ಬಂದ ದಿನ ನಾನೂ ಬಾಯಿ ಬಿಡುತ್ತೇನೆ. ಅಲ್ಲಿಯ ತನಕ ಎಣ್ಣೆ ಹಚ್ಚಿಕೊಳ್ಳಲಿ.

ಈ ಬೆಳಿಗ್ಗೆ ಮಳೆ ಬಂತು. ಅವರನ್ನು ಪಾರ್ಕಿಗೆ ಬಿಡಲು ಹೊರಟಾಗ ರಸ್ತೆಯ ತುಂಬ ಕೆಂಪು ನೀರು ನಮ್ಮ ಜೊತೆಗೇ ಕೆಳಗೆ ಓಡುತ್ತಿತ್ತು. ಕನ್ನಡಿಯಲ್ಲಿ ನೋಡಿದೆ. ಭಾವ ಕಿಟಕಿಗೆ ಹಣೆ ಒತ್ತಿ, ಕೈ ಬಲ ಮೊಣಕಾಲಿನ ಮೇಲಿಟ್ಟುಕೊಂಡು ಆ ನೀರನ್ನೇ ನೋಡುತ್ತಿದ್ದರು. ತುಂಬ ಹೊತ್ತು ನೋಡಿದರು.

"ಏನಮ್ಮ, ಈ ನೀರೆಲ್ಲ ಎಲ್ಲಿಗೆ ಹೋಗತ್ತೆ?"

ಮೂವತ್ತು ವರ್ಷ ಭೂಗೋಳ ಕಲಿಸಿದವಳು ನಾನು ವೈಪರ್ ಜೋರು ಮಾಡಿದೆ.

"ನಂಗೊತ್ತಿಲ್ಲ ಭಾವ" ಅಂದೆ.